ಮುಂಬೈ ವಾಸ್ತುಶಿಲ್ಪಿಗಳ ಸಂಘ ಕಟ್ಟಿದ ಕಸುಬು

1917ರ ಮೇ 12ರಂದು ಮುಂಬೈಯಲ್ಲಿ ಆರ್ಕಿಟೆಕ್ಚರಲ್ ಸ್ಟೂಡೆಂಟ್ಸ್ ಅಸೋಸಿಯೇಶನ್ ಎಂಬ ಚಿಕ್ಕ ಸಂಘ ಹುಟ್ಟಿತು. ಸರ್ ಜೆ.ಜೆ. ಕಲಾಶಾಲೆಯಲ್ಲಿ ವಾಸ್ತುಶಿಲ್ಪ ಕಲಿತು ಹೊರಬಂದ ಯುವಕರು ಅದನ್ನು ಕಟ್ಟಿಕೊಂಡರು. ಮುಂಬೈ ಸರ್ಕಾರದ ಸಲಹಾ ವಾಸ್ತುಶಿಲ್ಪಿಯಾಗಿದ್ದ ಸ್ಕಾಟ್ಲೆಂಡಿನ ಜಾರ್ಜ್ ವಿಟೆಟ್ ಅದರ ಮೊದಲ ಅಧ್ಯಕ್ಷ. ಗೇಟ್‌ವೇ ಆಫ್ ಇಂಡಿಯಾ ಮತ್ತು ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದ ನಕ್ಷೆ ಬರೆದವನು ಈತನೇ. ಇಂದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಎಂದು ಕರೆಯಲಾಗುವ, ಐಐಎ ಎಂಬ ಮೂರಕ್ಷರದಿಂದ ಎಲ್ಲರಿಗೂ ಪರಿಚಿತವಾದ ಸಂಸ್ಥೆಯ ಬೇರು ಇಲ್ಲಿದೆ. ಭಾರತದಲ್ಲಿ ವಾಸ್ತುಶಿಲ್ಪವು ಒಂದು ಸ್ವತಂತ್ರ ವೃತ್ತಿಯಾಗಿ ನಿಂತದ್ದಕ್ಕೆ ಕಾನೂನಾಗಲಿ ಸರ್ಕಾರವಾಗಲಿ ಮೊದಲ ಕಾರಣವಲ್ಲ, ಈ ಸಂಘವೇ ಮೊದಲ ಕಾರಣ. ಕಾನೂನು ಬಂದದ್ದು ಐವತ್ತೈದು ವರ್ಷಗಳ ನಂತರ, ಅದೂ ಸಂಘದ ಒತ್ತಾಯದಿಂದ.

ಅಂದಿನ ಯುವಕರಿಗೆ ಸಂಘ ಏಕೆ ಬೇಕಾಯಿತು ಎಂಬುದು ತಿಳಿಯಬೇಕಾದರೆ ಆ ಕಾಲದಲ್ಲಿ ಕಟ್ಟಡಗಳನ್ನು ಯಾರು ಕಟ್ಟಿಸುತ್ತಿದ್ದರು ಎಂಬುದನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಲೋಕೋಪಯೋಗಿ ಇಲಾಖೆ ಸ್ಥಾಪನೆಯಾದ ಮೇಲೆ ಕಚೇರಿ, ಆಸ್ಪತ್ರೆ, ಕಾಲೇಜು, ಸೆರೆಮನೆ ಎಲ್ಲವೂ ಎಂಜಿನಿಯರುಗಳ ಮೇಜಿನಿಂದಲೇ ಹೊರಡುತ್ತಿದ್ದವು. ಅವರಲ್ಲಿ ಅನೇಕರು ಸೇನೆಯಿಂದ ಬಂದವರು. ಇಡೀ ಭಾರತ ಸರ್ಕಾರಕ್ಕೆ ಒಬ್ಬ ಸಲಹಾ ವಾಸ್ತುಶಿಲ್ಪಿ ಇರಬೇಕೆಂದು ತೋರಿದ್ದು 1902ರಲ್ಲಿ. ಆ ಹುದ್ದೆಗೆ ಜೇಮ್ಸ್ ರ‍್ಯಾನ್ಸಮ್ ಬಂದ, ಅವನ ನಂತರ ಜಾನ್ ಬೆಗ್. ದೊಡ್ಡ ಊರುಗಳಲ್ಲಿ ಖಾಸಗಿಯಾಗಿ ಕೆಲಸ ಮಾಡುತ್ತಿದ್ದ ವಾಸ್ತುಶಿಲ್ಪಿಗಳು ಬಹುಪಾಲು ಇಂಗ್ಲೆಂಡಿನಿಂದ ಬಂದವರಾಗಿದ್ದರು.

ಭಾರತೀಯರು ಈ ಕೆಲಸದಲ್ಲಿ ಇರಲಿಲ್ಲವೆಂದಲ್ಲ. ಮುಂಬೈಯ ವಿಕ್ಟೋರಿಯಾ ಟರ್ಮಿನಸ್ ಎಂದೊಡನೆ ಎಫ್.ಡಬ್ಲ್ಯು. ಸ್ಟೀವನ್ಸ್ ಹೆಸರು ಬರುತ್ತದೆ, ಆದರೆ ಅವನ ಜೊತೆಗೆ ಸಹಾಯಕರಾಗಿ ದುಡಿದವರು ಸೀತಾರಾಮ್ ಖಂಡೇರಾವ್ ವೈದ್ಯ ಮತ್ತು ಎಂ.ಎಂ. ಜನಾರ್ದನ. ಇದೇ ವೈದ್ಯ ಮುಂದೆ ಡಿ.ಎನ್. ಮಿರ್ಜಾ ಜೊತೆಗೂಡಿ ತಾಜ್ ಮಹಲ್ ಹೋಟೆಲಿನ ನಕ್ಷೆ ಮಾಡಿದರು. 1903ರಲ್ಲಿ ತೆರೆದ ಆ ಹೋಟೆಲನ್ನು ಮುಗಿಸಿಕೊಟ್ಟವನು ಡಬ್ಲ್ಯು.ಎ. ಚೇಂಬರ್ಸ್ ಎಂಬ ಆಂಗ್ಲ. ಇಷ್ಟು ದೊಡ್ಡ ಕೆಲಸ ಮಾಡಬಲ್ಲ ಭಾರತೀಯರಿಗೂ ತಾವು ವಾಸ್ತುಶಿಲ್ಪಿಗಳೆಂದು ತೋರಿಸಿಕೊಳ್ಳಲು ಒಂದು ಪದವಿಯಾಗಲಿ, ಒಂದು ಪಟ್ಟಿಯಾಗಲಿ, ತಮ್ಮ ಮಾತನ್ನು ಎತ್ತಿಹಿಡಿಯುವ ಒಂದು ಸಭೆಯಾಗಲಿ ದೇಶದಲ್ಲಿ ಇರಲಿಲ್ಲ. ಇಲಾಖೆಯ ಸೇವೆಯಲ್ಲಿದ್ದರೆ ಅವರು ಸಹಾಯಕ ಎಂಜಿನಿಯರು, ಖಾಸಗಿ ಕಚೇರಿಯಲ್ಲಿದ್ದರೆ ಡ್ರಾಫ್ಟ್ಸ್‌ಮನ್.

ಶಿಕ್ಷಣ ಶುರುವಾದದ್ದೂ ಡ್ರಾಫ್ಟ್ಸ್‌ಮನ್ ತರಗತಿಯಿಂದಲೇ. 1857ರಲ್ಲಿ ಆರಂಭವಾಗಿದ್ದ ಜೆ.ಜೆ. ಕಲಾಶಾಲೆಯಲ್ಲಿ 1896ರಲ್ಲಿ ಅಂಥದೊಂದು ತರಗತಿ ತೆರೆಯಿತು. ಇಂಗ್ಲಿಷ್ ವಾಸ್ತುಶಿಲ್ಪಿಗಳ ಕಚೇರಿಗಳಿಗೆ ನಕ್ಷೆ ತಿದ್ದುವ, ನಕಲು ತೆಗೆಯುವ ಕೈಗಳು ಬೇಕಾಗಿದ್ದವು. ಅದಕ್ಕಿಂತ ಹೆಚ್ಚಿನ ಉದ್ದೇಶ ಆಗ ಯಾರಿಗೂ ಇದ್ದಂತೆ ಕಾಣುವುದಿಲ್ಲ. 1908ರ ಹೊತ್ತಿಗೆ ಜಾನ್ ಬೆಗ್ ಅದನ್ನು ನಾಲ್ಕು ವರ್ಷದ ವ್ಯವಸ್ಥಿತ ವ್ಯಾಸಂಗವಾಗಿ ರೂಪಿಸಿದ. 1913ರಲ್ಲಿ ರಾಬರ್ಟ್ ಕೇಬಲ್ ಮುಖ್ಯಸ್ಥನಾಗಿ ಪ್ರತ್ಯೇಕ ವಿಭಾಗವಾಯಿತು. ಹೀಗೆ ನಾಲ್ಕು ವರ್ಷ ಕಲಿತು ಬಂದ ಹುಡುಗರು ಮತ್ತೆ ಯಾರದೋ ಕಚೇರಿಯಲ್ಲಿ ರೇಖೆ ಎಳೆಯುತ್ತ ಕೂರಲು ಒಪ್ಪಲಿಲ್ಲ. ಸಂಘ ಕಟ್ಟುವ ಯೋಚನೆ ಬಂದದ್ದು ಆ ಅತೃಪ್ತಿಯಿಂದ. ಅದರ ಹೆಸರಿನಲ್ಲಿ ವಿದ್ಯಾರ್ಥಿಗಳೆಂಬ ಮಾತಿದ್ದರೂ ಅದರ ಕಣ್ಣು ವೃತ್ತಿಯ ಮೇಲಿತ್ತು.

ಅವರ ಮುಂದೆ ಇದ್ದ ಮಾದರಿ ಲಂಡನ್ನಿನದು. 1834ರಲ್ಲಿ ಅಲ್ಲಿ ಬ್ರಿಟಿಷ್ ವಾಸ್ತುಶಿಲ್ಪಿಗಳ ಸಂಸ್ಥೆ ಆರಂಭವಾಗಿತ್ತು. 1837ರಲ್ಲಿ ಅದಕ್ಕೆ ರಾಜಸನ್ನದು ದೊರೆಯಿತು, 1866ರಲ್ಲಿ ರಾಯಲ್ ಎಂಬ ವಿಶೇಷಣ ಸೇರಿತು. ಅಂದಿನಿಂದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದು ರೀಬಾ. ಆ ಸಂಸ್ಥೆಯನ್ನು ಕಟ್ಟಿದವರು ಮೊದಲಿಗೆ ಮಾಡಿಕೊಂಡ ಕಟ್ಟುಪಾಡು ಗಮನಿಸಬೇಕಾದದ್ದು. ಕಟ್ಟಡ ಸಾಮಗ್ರಿಯ ವ್ಯಾಪಾರದಲ್ಲಿ ಅಥವಾ ಗುತ್ತಿಗೆಯಲ್ಲಿ ಪಾಲು ಇರುವವರಿಗೆ ಸದಸ್ಯತ್ವವಿಲ್ಲ. ಗುತ್ತಿಗೆದಾರನ ಪರವಾಗಿ ಕೆಲಸದ ಅಳತೆ ಮಾಡಿ ಹಣ ಪಡೆಯುವವರಿಗೂ ಇಲ್ಲ. ಆ ಕಾಲದ ಲಂಡನ್ನಿನಲ್ಲಿ ಒಬ್ಬನೇ ಮನುಷ್ಯ ನಕ್ಷೆ ಬರೆದು, ಇಟ್ಟಿಗೆ ಮಾರಿ, ಗುತ್ತಿಗೆ ಹಿಡಿದು, ಕೊನೆಗೆ ಅಳತೆಯನ್ನೂ ತಾನೇ ಮಾಡಿ ಬಿಲ್ಲು ಬರೆಯುತ್ತಿದ್ದುದು ಸಾಮಾನ್ಯವಾಗಿತ್ತು. ಮನೆ ಕಟ್ಟಿಸುವವನ ಹಿತ ನೋಡುವವರು ಯಾರೂ ಇರಲಿಲ್ಲ. ಆ ಹಿತವನ್ನು ನೋಡುವವನೇ ವಾಸ್ತುಶಿಲ್ಪಿ ಎಂಬ ಹೊಸ ಅರ್ಥವನ್ನು ಈ ಕಟ್ಟುಪಾಡು ಕೊಟ್ಟಿತು. ತಾನು ಲಂಚ ಮುಟ್ಟುವುದಿಲ್ಲವೆಂದು ಒಬ್ಬಂಟಿ ವಾಸ್ತುಶಿಲ್ಪಿ ಎಷ್ಟು ಹೇಳಿಕೊಂಡರೂ ನಂಬಿಕೆ ಹುಟ್ಟುವುದು ಕಷ್ಟ, ಅದೇ ಮಾತನ್ನು ನೂರು ಜನರ ಸಂಘ ಹೇಳಿ, ಮುರಿದವನನ್ನು ಹೊರಗೆ ಹಾಕಿದರೆ ಆಗ ಜನ ನಂಬುತ್ತಾರೆ.

ಸಂಸ್ಥೆಗೆ ಗೌರವ ಬರಲೆಂದು ಮೊದಲ ಅಧ್ಯಕ್ಷನನ್ನಾಗಿ ಅರ್ಲ್ ಡಿ ಗ್ರೇ ಎಂಬ ಶ್ರೀಮಂತನನ್ನು ಕೂರಿಸಿದರು. ವೃತ್ತಿನಿರತ ವಾಸ್ತುಶಿಲ್ಪಿಯೊಬ್ಬ ಅಧ್ಯಕ್ಷನಾಗಲು 1860ರ ತನಕ ಕಾಯಬೇಕಾಯಿತು. ಆತ ಸಿ.ಆರ್. ಕಾಕೆರೆಲ್. ಆದರೆ ಕೆಲಸದ ಮಟ್ಟಿಗೆ ಸಂಸ್ಥೆ ಬಿಗಿಯಾಗಿ ನಡೆಯಿತು. 1862ರಲ್ಲಿ ಶುಲ್ಕದ ದರಪಟ್ಟಿ ಪ್ರಕಟವಾಯಿತು: ಕಟ್ಟಡದ ವೆಚ್ಚದ ಶೇಕಡಾ 5. ಮೊದಲನೆಯ ಮಹಾಯುದ್ಧದ ನಂತರ ಅದು ಶೇಕಡಾ 6 ಆಯಿತು. 1863ರಲ್ಲಿ ಐಚ್ಛಿಕ ಪರೀಕ್ಷೆ ಆರಂಭವಾಗಿ 1882ರಿಂದ ಹೊಸದಾಗಿ ಅಸೋಸಿಯೇಟ್ ಸದಸ್ಯರಾಗುವವರಿಗೆ ಪರೀಕ್ಷೆ ಕಡ್ಡಾಯವಾಯಿತು. ಅಲ್ಲಿಯ ತನಕ ಯಾವ ಹಿರಿಯನ ಕೈಕೆಳಗೆ ಕಲಿತೆ ಎಂಬುದಷ್ಟೇ ಯೋಗ್ಯತೆಯ ಅಳತೆಯಾಗಿತ್ತು. ಹಣಕೊಟ್ಟು ಹಿರಿಯರ ಬಳಿ ಶಿಷ್ಯವೃತ್ತಿ ಮಾಡಲಾಗದ ಬಡ ಹುಡುಗನಿಗೂ ಪರೀಕ್ಷೆಯ ಮೂಲಕ ಒಳಬರುವ ದಾರಿ ಸಿಕ್ಕಿತು.

ಎಲ್ಲರೂ ಇದನ್ನು ಮೆಚ್ಚಲಿಲ್ಲ. ವಾಸ್ತುಶಿಲ್ಪವು ಕಲೆ, ಕಲೆಗೆ ಪರೀಕ್ಷೆ ಇಲ್ಲ ಎಂಬ ವಾದ ಎದ್ದಿತು. 1892ರಲ್ಲಿ ನಾರ್ಮನ್ ಶಾ ಮತ್ತು ಟಿ.ಜಿ. ಜಾಕ್ಸನ್ ಸಂಪಾದಿಸಿದ ಪ್ರಬಂಧ ಸಂಕಲನವೊಂದು ಈ ವಾದವನ್ನು ಜೋರಾಗಿ ಮುಂದಿಟ್ಟಿತು. ನೋಂದಣಿ ಕಾನೂನು ಬೇಕೇ ಬೇಕೆಂದವರು ಇನ್ನೊಂದು ಕಡೆ 1884ರಲ್ಲೇ ಸೊಸೈಟಿ ಆಫ್ ಆರ್ಕಿಟೆಕ್ಟ್ಸ್ ಎಂಬ ಬೇರೆ ಸಂಘ ಮಾಡಿಕೊಂಡಿದ್ದರು. 1925ರಲ್ಲಿ ಅದು ರೀಬಾದೊಳಗೆ ಸೇರಿಹೋಯಿತು. ಬ್ರಿಟನ್ನಿನಲ್ಲಿ ನೋಂದಣಿ ಕಾಯ್ದೆ ಬಂದದ್ದು 1931ರಲ್ಲಿ, ವಾಸ್ತುಶಿಲ್ಪಿ ಎಂಬ ಹೆಸರಿಗೆ ಪೂರ್ಣ ರಕ್ಷಣೆ ಸಿಕ್ಕಿದ್ದು 1938ರಲ್ಲಿ. ಸಂಘ ಹುಟ್ಟಿದ ಮೇಲೆ ಕಾನೂನು ಬರಲು ಅಲ್ಲಿ ಸುಮಾರು ನೂರು ವರ್ಷ ಹಿಡಿಯಿತು. ಭಾರತಕ್ಕೆ ಅದರ ಅರ್ಧದಷ್ಟು ಕಾಲ ಸಾಕಾಯಿತು ಎಂಬುದು ಮುಂಬೈಯವರ ಹೆಚ್ಚುಗಾರಿಕೆ.

ಮುಂಬೈಯ ವಿದ್ಯಾರ್ಥಿ ಸಂಘ 1922ರ ಸೆಪ್ಟೆಂಬರಿನಲ್ಲಿ ಬಾಂಬೆ ಆರ್ಕಿಟೆಕ್ಚರಲ್ ಅಸೋಸಿಯೇಶನ್ ಎಂದು ಹೆಸರು ಬದಲಿಸಿಕೊಂಡಿತು. 1925ರಲ್ಲಿ ರೀಬಾ ಇದನ್ನು ತನ್ನ ಅಂಗಸಂಸ್ಥೆಯಾಗಿ ಒಪ್ಪಿಕೊಂಡಿತು. 1929ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಎಂಬ ಈಗಿನ ಹೆಸರು ಬಂತು. ಆ ವರ್ಷ ಸೆಪ್ಟೆಂಬರ್ 2ರಂದು 1860ರ ಸಂಘಗಳ ನೋಂದಣಿ ಕಾಯ್ದೆಯಡಿ ಅದು ದಾಖಲಾಯಿತು. ಮುಂಬೈಯ ಸಂಘವೊಂದು ಇಡೀ ದೇಶದ ಹೆಸರು ಇಟ್ಟುಕೊಂಡದ್ದರಲ್ಲಿ ಧೈರ್ಯವಿತ್ತು. ಆಗ ದೇಶದಲ್ಲಿ ವಾಸ್ತುಶಿಲ್ಪವನ್ನು ಪೂರ್ಣಾವಧಿಯಾಗಿ ಕಲಿಸುವ ಶಾಲೆಗಳೇ ಬೆರಳೆಣಿಕೆಯಷ್ಟು.

ಈ ಬೆಳವಣಿಗೆಯ ಹಿಂದೆ ನಿಂತವರಲ್ಲಿ ಕ್ಲಾಡ್ ಬ್ಯಾಟ್ಲಿಯನ್ನು ಮುಖ್ಯವಾಗಿ ನೆನೆಯಬೇಕು. 1913ರಲ್ಲಿ ಭಾರತಕ್ಕೆ ಬಂದ ಬ್ಯಾಟ್ಲಿ ಗ್ರೆಗ್ಸನ್, ಬ್ಯಾಟ್ಲಿ ಅಂಡ್ ಕಿಂಗ್ ಎಂಬ ಹೆಸರಾಂತ ಕಚೇರಿಯ ಪಾಲುದಾರ. 1923ರಿಂದ 1943ರ ತನಕ ಜೆ.ಜೆ. ಶಾಲೆಯ ವಾಸ್ತುಶಿಲ್ಪ ವಿಭಾಗವನ್ನು ನಡೆಸಿದವನು. ವಿದ್ಯಾರ್ಥಿಗಳನ್ನು ಹಳೆಯ ಗುಡಿ, ಮಸೀದಿ, ಹವೇಲಿಗಳಿಗೆ ಕರೆದೊಯ್ದು ಟೇಪು ಹಿಡಿಸಿ ಅಳತೆ ಮಾಡಿಸುತ್ತಿದ್ದ. ಆ ಅಳತೆಯ ನಕ್ಷೆಗಳು 1934ರಲ್ಲಿ ಭಾರತೀಯ ವಾಸ್ತುಶಿಲ್ಪದ ವಿನ್ಯಾಸ ಕುರಿತ ಅವನ ಪುಸ್ತಕವಾಗಿ ಬಂದವು. ಶಾಲೆ, ಕಚೇರಿ, ಸಂಘ ಮೂರರಲ್ಲೂ ಒಬ್ಬನೇ ಇದ್ದುದರಿಂದ ಅಂದಿನ ವಿದ್ಯಾರ್ಥಿಗೆ ತರಗತಿಯಿಂದ ಕೆಲಸಕ್ಕೆ, ಕೆಲಸದಿಂದ ಸದಸ್ಯತ್ವಕ್ಕೆ ಹೋಗುವ ದಾರಿ ನೇರವಾಗಿತ್ತು. ಬ್ಯಾಟ್ಲಿ ಸ್ವದೇಶಕ್ಕೆ ಮರಳದೆ 1956ರಲ್ಲಿ ಮುಂಬೈಯಲ್ಲೇ ತೀರಿಕೊಂಡ. ವಿಟೆಟ್ ಕೂಡ 1926ರಲ್ಲಿ ಅದೇ ಊರಿನಲ್ಲಿ ಕಣ್ಣುಮುಚ್ಚಿದ್ದ.

ಸದಸ್ಯನಾದವನಿಗೆ ಸಿಗುತ್ತಿದ್ದುದು ಏನು? ಹೆಸರಿನ ಮುಂದೆ ಬರೆದುಕೊಳ್ಳುವ ಎಐಐಎ ಅಥವಾ ಎಫ್‌ಐಐಎ ಎಂಬ ಅಕ್ಷರಗಳು ಕಣ್ಣಿಗೆ ಮೊದಲು ಬೀಳುತ್ತವೆ. ಮೊದಲನೆಯದು ಅಸೋಸಿಯೇಟ್, ಎರಡನೆಯದು ಫೆಲೋ. ಕಾನೂನಿನ ಬೆಂಬಲವಿಲ್ಲದ ಕಾಲದಲ್ಲಿ ಈ ಅಕ್ಷರಗಳಿಗೆ ಇದ್ದ ತೂಕ ಸಣ್ಣದಲ್ಲ. ಗೋಡೆಗೆ ಫಲಕ ತಗುಲಿಸಿ ಯಾರು ಬೇಕಾದರೂ ತನ್ನನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದಾಗಿದ್ದಾಗ, ಕಲಿತವನು ಯಾರು ಎಂದು ಗಿರಾಕಿಗೆ ಹೇಳುವ ಗುರುತು ಅದೊಂದೇ. ಆದರೂ ಸಂಘದ ನಿಜವಾದ ಉಪಕಾರ ಇರುವುದು ಅಷ್ಟಾಗಿ ಯಾರೂ ಮಾತಾಡದ ಎರಡು ದಾಖಲೆಗಳಲ್ಲಿ: ಶುಲ್ಕದ ದರಪಟ್ಟಿ ಮತ್ತು ಕರಾರಿನ ನಮೂನೆ.

ಶುಲ್ಕದ ಮಾತು ಮೊದಲು. ಕಟ್ಟಡ ಕಟ್ಟಿಸುವ ವ್ಯಾಪಾರಿಗೆ ಕಲ್ಲು, ಸುಣ್ಣ, ಮರ, ಕೂಲಿಯ ಬೆಲೆ ಗೊತ್ತು, ನಕ್ಷೆಯ ಬೆಲೆ ಗೊತ್ತಿಲ್ಲ. ಹಾಳೆಯ ಮೇಲೆ ಎಳೆದ ಗೆರೆಗಳಿಗೆ ಸಾವಿರಾರು ರೂಪಾಯಿ ಏಕೆ ಕೊಡಬೇಕು ಎಂದು ಆತ ಕೇಳಿದರೆ ಇಪ್ಪತ್ತೈದರ ಯುವಕ ಉತ್ತರ ಹೇಳಲಾರ. ಸಂಘದ ದರಪಟ್ಟಿ ಆ ಉತ್ತರವನ್ನು ಅವನ ಕೈಗೆ ಕೊಟ್ಟಿತು. ವೆಚ್ಚದ ಶೇಕಡಾ ಇಷ್ಟು, ಅದರಲ್ಲಿ ಪ್ರಾಥಮಿಕ ನಕ್ಷೆಗೆ ಇಷ್ಟು ಭಾಗ, ಕೆಲಸದ ನಕ್ಷೆಗಳಿಗೆ ಇಷ್ಟು, ಮೇಲುಸ್ತುವಾರಿಗೆ ಇಷ್ಟು ಎಂದು ಹಂತಹಂತವಾಗಿ ಅಲ್ಲಿ ಬರೆದಿತ್ತು. ಗಿರಾಕಿ ಅರ್ಧದಲ್ಲಿ ಮನಸ್ಸು ಬದಲಿಸಿದರೆ ಅಲ್ಲಿಯ ತನಕ ಆದ ಕೆಲಸಕ್ಕೆ ಹಣ ಸಿಗುತ್ತಿತ್ತು. ಒಬ್ಬರ ದರ ಮುರಿಯಲು ಇನ್ನೊಬ್ಬರು ಕಡಿಮೆಗೆ ಒಪ್ಪಿಕೊಳ್ಳಬಾರದು, ಒಬ್ಬರ ಕೈಯಲ್ಲಿರುವ ಕೆಲಸವನ್ನು ಅವರ ಲೆಕ್ಕ ತೀರುವ ಮೊದಲು ಇನ್ನೊಬ್ಬರು ಕಿತ್ತುಕೊಳ್ಳಬಾರದು ಎಂಬ ಕಟ್ಟಳೆಯೂ ಇದರ ಜೊತೆಗೇ ಬೆಳೆಯಿತು.

ಕರಾರಿನ ನಮೂನೆ ಇನ್ನೂ ದೊಡ್ಡ ವಿಷಯ. ಇಂಗ್ಲೆಂಡಿನಲ್ಲಿ ರೀಬಾ ಮತ್ತು ಗುತ್ತಿಗೆದಾರರ ಸಂಘಗಳು ಕೂಡಿ 1909ರಲ್ಲಿ ಒಂದು ಪ್ರಮಾಣಿತ ಕರಾರುಪತ್ರ ಒಪ್ಪಿಕೊಂಡಿದ್ದವು. ಅದೇ ಸಂಪ್ರದಾಯದಲ್ಲಿ ಐಐಎ ಭಾರತಕ್ಕೆ ತನ್ನದೊಂದು ನಮೂನೆ ಸಿದ್ಧಪಡಿಸಿತು. ಖಾಸಗಿ ಕಟ್ಟಡಗಳ ಗುತ್ತಿಗೆಗಳಲ್ಲಿ ದೇಶದ ಉದ್ದಗಲಕ್ಕೂ ಅದು ಬಳಕೆಯಾಗಿದೆ. ಕಟ್ಟಿಸುವವನು, ಕಟ್ಟುವವನು, ಇಬ್ಬರ ನಡುವೆ ವಾಸ್ತುಶಿಲ್ಪಿ ಎಂಬ ಮೂವರ ಸಂಬಂಧವನ್ನು ಈ ಪತ್ರ ಗೆರೆ ಎಳೆದು ಹೇಳುತ್ತದೆ. ಗುತ್ತಿಗೆದಾರ ಇಂತಿಷ್ಟು ಕೆಲಸ ಮುಗಿಸಿ ಬಿಲ್ಲು ಕೊಟ್ಟಾಗ ವಾಸ್ತುಶಿಲ್ಪಿ ಅದನ್ನು ಪರಿಶೀಲಿಸಿ ಪ್ರಮಾಣಪತ್ರ ಬರೆಯಬೇಕು. ಅದು ಕೈಸೇರಿದ ಮೇಲೆ ಗೊತ್ತಾದ ದಿನಗಳೊಳಗೆ ಮಾಲೀಕ ಹಣ ಕೊಡಬೇಕು. ಪ್ರತಿ ಬಿಲ್ಲಿನಲ್ಲೂ ಒಂದು ಪಾಲನ್ನು ತಡೆಹಿಡಿದಿಟ್ಟು, ಕಟ್ಟಡ ಮುಗಿದು ದೋಷ ಸರಿಪಡಿಸುವ ಅವಧಿ ಕಳೆದ ಮೇಲೆ ಬಿಡುಗಡೆ ಮಾಡಬೇಕು. ಮಳೆಯಿಂದಲೋ ಮುಷ್ಕರದಿಂದಲೋ ಕೆಲಸ ನಿಂತರೆ ಎಷ್ಟು ದಿನ ಹೆಚ್ಚಿಗೆ ಕೊಡಬೇಕೆಂಬುದನ್ನು ವಾಸ್ತುಶಿಲ್ಪಿ ತೀರ್ಮಾನಿಸಬೇಕು. ಜಗಳ ಬಂದರೆ ಕೋರ್ಟಿಗೆ ಓಡುವ ಮೊದಲು ಮಧ್ಯಸ್ಥರ ಮುಂದೆ ಹೋಗಬೇಕು.

ಇಲ್ಲಿ ವಾಸ್ತುಶಿಲ್ಪಿಯ ಪಾತ್ರ ಸೂಕ್ಷ್ಮವಾದದ್ದು. ಅವನಿಗೆ ಹಣ ಕೊಡುವವನು ಮಾಲೀಕ. ಆದರೆ ಪ್ರಮಾಣಪತ್ರ ಬರೆಯುವಾಗ ಅವನು ಮಾಲೀಕನ ಕಡೆಗೂ ವಾಲುವಂತಿಲ್ಲ, ಗುತ್ತಿಗೆದಾರನ ಕಡೆಗೂ ವಾಲುವಂತಿಲ್ಲ. ತನ್ನ ಅನ್ನದಾತನ ವಿರುದ್ಧ ಕೂಡ ನ್ಯಾಯ ಹೇಳಬೇಕಾದ ಈ ಸ್ಥಾನದಲ್ಲಿ ಒಬ್ಬಂಟಿಯಾಗಿ ನಿಲ್ಲುವುದು ಬಹಳ ಕಷ್ಟ. ಹಿಂದೆ ಸಂಘವಿದೆ, ಅಚ್ಚಾದ ಷರತ್ತಿದೆ, ಎಲ್ಲ ವಾಸ್ತುಶಿಲ್ಪಿಗಳೂ ಹೀಗೇ ನಡೆದುಕೊಳ್ಳುತ್ತಾರೆಂಬ ರೂಢಿಯಿದೆ ಎಂದಾಗ ಅದು ಸಾಧ್ಯವಾಗುತ್ತದೆ. ವೃತ್ತಿಸಂಘದ ಪ್ರಯೋಜನ ಯಾವುದು ಎಂದು ಕೇಳಿದರೆ ಈ ಒಂದು ಕರಾರುಪತ್ರವನ್ನು ತೋರಿಸಿದರೂ ಸಾಕು. ಅದರಿಂದ ಉಪಕಾರವಾದದ್ದು ಸದಸ್ಯರಿಗೆ ಮಾತ್ರವಲ್ಲ, ಸಂಘದ ಹೆಸರನ್ನೇ ಕೇಳದ ಮನೆಮಾಲೀಕರಿಗೂ ಮೇಸ್ತ್ರಿಗಳಿಗೂ ಆಯಿತು.

ಮೂವತ್ತರ ದಶಕದ ಮುಂಬೈ ಸಂಘಕ್ಕೆ ಒಳ್ಳೆಯ ಕಾಲ. ಸಮುದ್ರ ತುಂಬಿ ಹೊಸ ನೆಲ ಮಾಡಿದ ಬ್ಯಾಕ್‌ಬೇ ಪ್ರದೇಶದಲ್ಲಿ, ಓವಲ್ ಮೈದಾನದ ಪಶ್ಚಿಮಕ್ಕೆ, ಮೆರೀನ್ ಡ್ರೈವ್ ಉದ್ದಕ್ಕೆ ಕಾಂಕ್ರೀಟಿನ ವಸತಿ ಕಟ್ಟಡಗಳು ಸಾಲುಸಾಲಾಗಿ ಎದ್ದವು. ಅವುಗಳ ಹಿಂದೆ ಮಾಸ್ಟರ್, ಸಾಠೆ ಅಂಡ್ ಭೂತಾ, ಜಿ.ಬಿ. ಮ್ಹಾತ್ರೆಯವರಂಥ ಭಾರತೀಯ ಹೆಸರುಗಳಿದ್ದವು. ಕೇವಲ ಮೂವತ್ತು ವರ್ಷ ಹಿಂದೆ ಸೀತಾರಾಮ್ ವೈದ್ಯರ ಕಾಲದಲ್ಲಿ ಇದನ್ನು ಊಹಿಸಲೂ ಆಗುತ್ತಿರಲಿಲ್ಲ. ಆ ಆರ್ಟ್ ಡೆಕೊ ಕಟ್ಟಡಗಳು ವಿಕ್ಟೋರಿಯಾ ಕಾಲದ ಗಾಥಿಕ್ ಕಟ್ಟಡಗಳೊಡನೆ 2018ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿವೆ. 1934ರಲ್ಲಿ ಸಂಸ್ಥೆ ತನ್ನ ನಿಯತಕಾಲಿಕ ಆರಂಭಿಸಿತು. ಸದಸ್ಯರ ಹೊಸ ಕಟ್ಟಡಗಳ ನಕ್ಷೆ, ಉಪನ್ಯಾಸಗಳ ಪಾಠ, ವಿದ್ಯಾರ್ಥಿಗಳ ಕೆಲಸ ಅದರಲ್ಲಿ ಬರುತ್ತಿದ್ದವು. ಬೇರೆ ಊರಿನಲ್ಲಿ ಒಬ್ಬನೇ ಕಚೇರಿ ಇಟ್ಟುಕೊಂಡಿದ್ದ ವಾಸ್ತುಶಿಲ್ಪಿಗೆ ಮುಂಬೈಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯುವ ಕಿಟಕಿ ಅದು.

1937ರಲ್ಲಿ ಸಂಸ್ಥೆ ಮುಂಬೈ ಟೌನ್‌ಹಾಲಿನಲ್ಲಿ ಆದರ್ಶ ಮನೆ ಪ್ರದರ್ಶನ ನಡೆಸಿತು. ಅಡಿಗೆಮನೆ, ಬಚ್ಚಲು, ಮಲಗುವ ಕೋಣೆ, ಪೀಠೋಪಕರಣಗಳನ್ನು ಕಟ್ಟಿ ತೋರಿಸಿ, ವಾಸ್ತುಶಿಲ್ಪಿಯ ಕೈಸೇರಿದರೆ ಮಧ್ಯಮ ವರ್ಗದ ಮನೆಯೂ ಎಷ್ಟು ಅನುಕೂಲವಾಗಬಲ್ಲದು ಎಂದು ಜನರಿಗೆ ತಿಳಿಸುವುದು ಅದರ ಉದ್ದೇಶ. ಜನ ಮುಗಿಬಿದ್ದು ನೋಡಿದರು. ಒಬ್ಬ ವಾಸ್ತುಶಿಲ್ಪಿ ತನ್ನ ಬಗ್ಗೆ ಜಾಹೀರಾತು ಕೊಟ್ಟುಕೊಳ್ಳುವುದು ವೃತ್ತಿಧರ್ಮಕ್ಕೆ ವಿರುದ್ಧವೆಂದು ಎಣಿಸುತ್ತಿದ್ದ ಕಾಲದಲ್ಲಿ, ಎಲ್ಲರ ಪರವಾಗಿ ಸಂಸ್ಥೆಯೇ ಜನರ ಮುಂದೆ ನಿಂತಿತು. ಇದೇ ದಶಕದಲ್ಲಿ, 1936ರಲ್ಲಿ, ಪೆರಿನ್ ಮಿಸ್ತ್ರಿ ಜೆ.ಜೆ. ಶಾಲೆಯಿಂದ ವಾಸ್ತುಶಿಲ್ಪದ ಡಿಪ್ಲೊಮಾ ಪಡೆದ ಮೊದಲ ಮಹಿಳೆಯಾದರು. ಲಂಡನ್ನಿನ ಸಂಸ್ಥೆ ಮೊದಲ ಮಹಿಳೆಯನ್ನು, ಎಥೆಲ್ ಚಾರ್ಲ್ಸ್‌ಳನ್ನು, ಒಳಗೆ ಬಿಟ್ಟುಕೊಂಡದ್ದು 1898ರಲ್ಲಿ, ತಾನು ಹುಟ್ಟಿ 64 ವರ್ಷವಾದ ಮೇಲೆ.

ಸಂಘದ ನೆರಳು ಬೀಳದ ಸೀಮೆಗಳೂ ಇದ್ದವು. ಮೈಸೂರು ಸಂಸ್ಥಾನ ಅವುಗಳಲ್ಲೊಂದು. ಮೈಸೂರಿನ ಅಂಬಾವಿಲಾಸ ಅರಮನೆಯನ್ನು 1897ರಿಂದ 1912ರ ಅವಧಿಯಲ್ಲಿ ಕಟ್ಟಿಸುವಾಗ ನಕ್ಷೆಗೆ ಮದರಾಸಿನಿಂದ ಹೆನ್ರಿ ಇರ್ವಿನ್ ಬರಬೇಕಾಯಿತು. 1921ರ ಲಲಿತಮಹಲಿಗೆ ಮುಂಬೈಯಿಂದ ಇ.ಡಬ್ಲ್ಯು. ಫ್ರಿಚ್‌ಲಿ ಬಂದ. ಉಳಿದ ಸರ್ಕಾರಿ ಕಟ್ಟಡಗಳೆಲ್ಲ ಎಂಜಿನಿಯರುಗಳ ಪಾಲು. 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಕಾಲದಲ್ಲಿ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡಿದ್ದ ಒಟ್ಟೊ ಕೋನಿಗ್ಸ್‌ಬರ್ಗರ್ ಬೆಂಗಳೂರಿಗೆ ಬಂದು ಸರ್ಕಾರಿ ವಾಸ್ತುಶಿಲ್ಪಿಯಾದ. ಟಾಟಾ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳೂ ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವೂ ಅವನವು. ಬಿಸಿಲು, ಗಾಳಿ, ಮಳೆಯ ದಿಕ್ಕು ನೋಡಿ ಕಟ್ಟುವ ಅವನ ವಿಧಾನವನ್ನು ಮುಂದುವರಿಸುವ ಶಾಲೆಯಾಗಲಿ ಸಂಘವಾಗಲಿ ಊರಿನಲ್ಲಿ ಇರಲಿಲ್ಲ. ಸ್ವಾತಂತ್ರ್ಯದ ಮರುವರ್ಷ ಅವನು ಕೇಂದ್ರ ಸರ್ಕಾರದ ಸೇವೆಗೆ ಹೊರಟುಹೋದ. 1951ರಲ್ಲಿ ಶಂಕುಸ್ಥಾಪನೆಯಾಗಿ 1956ರಲ್ಲಿ ಮುಗಿದ ವಿಧಾನಸೌಧವನ್ನು ರೂಪಿಸಿದ್ದು ಲೋಕೋಪಯೋಗಿ ಇಲಾಖೆಯ ಬಿ.ಆರ್. ಮಾಣಿಕ್ಯಂ ಅವರ ತಂಡ. ಒಬ್ಬ ಪ್ರತಿಭಾವಂತ ಬಂದು ಹೋಗುವುದಕ್ಕೂ ಒಂದು ವೃತ್ತಿ ಬೇರುಬಿಡುವುದಕ್ಕೂ ಇರುವ ವ್ಯತ್ಯಾಸ ಬೆಂಗಳೂರಿನ ಈ ವರ್ಷಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಐಐಎ ಕರ್ನಾಟಕ ಶಾಖೆ ರೂಪುಗೊಂಡು ಬಲಿತದ್ದು ಇದರ ಎಷ್ಟೋ ಕಾಲದ ನಂತರ.

ಸ್ವಾತಂತ್ರ್ಯದ ಮೇಲೆ ಕೆಲಸ ಹೆಚ್ಚಿತು, ಕೆಲಸಕ್ಕೆ ಕೈಗಳು ಸಾಲಲಿಲ್ಲ. ಅಚ್ಯುತ ಕಾನ್ವಿಂದೆ ಹಾರ್ವರ್ಡಿನಿಂದ, ಹಬೀಬ್ ರೆಹಮಾನ್ ಎಂಐಟಿಯಿಂದ ಕಲಿತು ಬಂದರು. ಕಾನ್ವಿಂದೆ ಮೂಲತಃ ಬ್ಯಾಟ್ಲಿಯ ಶಿಷ್ಯರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣ ಅವರ ಕೃತಿ, ಎಪ್ಪತ್ತರ ದಶಕದಲ್ಲಿ ಐಐಎ ಅಧ್ಯಕ್ಷರೂ ಆಗಿದ್ದರು. ಶಾಲೆಗೆ ಹೋಗಲಾಗದೆ ಕಚೇರಿಗಳಲ್ಲಿ ಡ್ರಾಫ್ಟ್ಸ್‌ಮನ್ ಆಗಿ ದುಡಿಯುತ್ತಿದ್ದವರಿಗೆ ಸಂಸ್ಥೆಯೇ ಪರೀಕ್ಷೆ ನಡೆಸಿತು. ಹಗಲು ಕೆಲಸ, ರಾತ್ರಿ ಓದು ಮಾಡಿ ಈ ಪರೀಕ್ಷೆ ಮುಗಿಸಿದವನಿಗೆ ಸದಸ್ಯತ್ವ ಸಿಗುತ್ತಿತ್ತು. ಸಂಸ್ಥೆಯ ಎಲ್ಲ ಕೆಲಸಗಳಲ್ಲಿ ಅತ್ಯಂತ ಮಾನವೀಯವಾದದ್ದು ಇದು. ಡ್ರಾಫ್ಟ್ಸ್‌ಮನ್ ತರಗತಿಯಿಂದ ಬೆಳೆದುಬಂದ ವೃತ್ತಿ ಡ್ರಾಫ್ಟ್ಸ್‌ಮನ್‌ಗಳ ಮುಖಕ್ಕೆ ಬಾಗಿಲು ಹಾಕಲಿಲ್ಲ. ಮುಂದೆ 1972ರ ಕಾಯ್ದೆ ಮಾನ್ಯ ಮಾಡಿದ ಅರ್ಹತೆಗಳ ಅನುಸೂಚಿಯಲ್ಲಿ ವಿಶ್ವವಿದ್ಯಾಲಯಗಳ ಪದವಿಗಳ ಸಾಲಿನಲ್ಲೇ ಐಐಎ ಸದಸ್ಯತ್ವಕ್ಕೂ ಜಾಗ ಸಿಕ್ಕಿತು.

ಕಾನೂನಿಗಾಗಿ ಸಂಸ್ಥೆ ದಶಕಗಳ ಕಾಲ ಒತ್ತಾಯಿಸಿತು. ಕಟ್ಟಡಗಳ ಕೆಲಸ ಹೆಚ್ಚಿದಂತೆ ಅರ್ಹತೆಯಿಲ್ಲದವರು ಆರ್ಕಿಟೆಕ್ಟ್ ಎಂಬ ಹೆಸರಿನಲ್ಲಿ ದುಬಾರಿಯಾದ, ಎಷ್ಟೋ ಸಲ ಅಪಾಯಕರವಾದ ಕಟ್ಟಡಗಳನ್ನು ಕಟ್ಟಿಸುತ್ತಿದ್ದಾರೆ ಎಂಬುದು ಅದರ ದೂರು. 1968ರಲ್ಲಿ ಸಂಸತ್ತಿನಲ್ಲಿ ಮಂಡಿತವಾದ ಮಸೂದೆಯ ಉದ್ದೇಶಗಳ ಹೇಳಿಕೆಯಲ್ಲಿ ಇದೇ ದೂರು ಕಾಣುತ್ತದೆ, ಕಾನೂನು ಬೇಕೆಂದು ಪದೇ ಪದೇ ಕೇಳಿದವರಲ್ಲಿ ಐಐಎ ಹೆಸರೂ ಕಾಣುತ್ತದೆ. ಎಂಜಿನಿಯರುಗಳಿಗೆ ಆತಂಕವಾಯಿತು. ಕಟ್ಟಡದ ಕೆಲಸವೆಲ್ಲ ವಾಸ್ತುಶಿಲ್ಪಿಗಳ ಪಾಲಾದರೆ ತಮ್ಮ ಗತಿ ಏನು ಎಂದು ಅವರು ಕೇಳಿದರು. ಹೆಸರಿಗೆ ಮಾತ್ರ ರಕ್ಷಣೆ, ಕೆಲಸಕ್ಕೆ ಏಕಸ್ವಾಮ್ಯವಿಲ್ಲ, ಎಂಜಿನಿಯರುಗಳು ಎಂದಿನಂತೆ ಕೆಲಸ ಮಾಡಿಕೊಂಡಿರಬಹುದು ಎಂದು ಸರ್ಕಾರ ಸ್ಪಷ್ಟಪಡಿಸಿತು. ಸಂಸತ್ತಿನ ಜಂಟಿ ಸಮಿತಿಯ ಪರಿಶೀಲನೆಯ ನಂತರ ವಾಸ್ತುಶಿಲ್ಪಿಗಳ ಕಾಯ್ದೆ, 1972ರ 20ನೆಯ ಕಾಯ್ದೆ, ಅದೇ ವರ್ಷ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಎಂಬ ಶಾಸನಬದ್ಧ ಪರಿಷತ್ತು ರಚನೆಯಾಯಿತು. ಅದರ ಮೊದಲ ಅಧ್ಯಕ್ಷರು ಜೆ.ಆರ್. ಭಲ್ಲಾ, ಐಐಎಯಲ್ಲಿ ದುಡಿದು ಬಂದವರು.

ಪದವಿಯಿಲ್ಲದೆಯೂ ಕಡೇಪಕ್ಷ ಐದು ವರ್ಷ ಈ ವೃತ್ತಿ ನಡೆಸಿದ್ದವರಿಗೆ ಮೊದಲ ಪಟ್ಟಿಯಲ್ಲಿ ಸೇರಲು ಕಾಯ್ದೆ ಅವಕಾಶ ಕೊಟ್ಟಿತು. ನೋಂದಣಿಯಿಲ್ಲದೆ ಆರ್ಕಿಟೆಕ್ಟ್ ಎಂದು ಕರೆದುಕೊಂಡವನಿಗೆ ಮೊದಲ ಸಲ 500 ರೂಪಾಯಿ ತನಕ ದಂಡ, ಮತ್ತೆ ಮಾಡಿದರೆ ಆರು ತಿಂಗಳ ತನಕ ಸೆರೆ ಅಥವಾ 1,000 ರೂಪಾಯಿ ತನಕ ದಂಡ ಅಥವಾ ಎರಡೂ ಎಂದು 37ನೆಯ ಕಲಮು ಹೇಳಿತು. ವಕೀಲರಲ್ಲದವರು ವಕಾಲತ್ತು ಮಾಡುವಂತಿಲ್ಲ ಎಂಬ 1961ರ ವಕೀಲರ ಕಾಯ್ದೆಯ ಬಿಗಿ ಇದರಲ್ಲಿಲ್ಲ. ನೋಯಿಡಾ ಪ್ರಾಧಿಕಾರದ ಹುದ್ದೆಗಳ ವಿವಾದದಲ್ಲಿ 2020ರ ಮಾರ್ಚ್ 17ರಂದು ಸುಪ್ರೀಂ ಕೋರ್ಟು ಇದನ್ನೇ ಖಚಿತಪಡಿಸಿತು. ನೋಂದಣಿಯಿಲ್ಲದವರು ವಿನ್ಯಾಸದ ಕೆಲಸ ಮಾಡಬಹುದು, ಆದರೆ ಆರ್ಕಿಟೆಕ್ಟ್ ಎಂಬ ಹೆಸರಿನ ಹುದ್ದೆಯಲ್ಲಿ ಅವರನ್ನು ಕೂರಿಸುವಂತಿಲ್ಲ. ಸಂಘ ಕೇಳಿದ್ದರಲ್ಲಿ ಅರ್ಧ ಮಾತ್ರ ಸಿಕ್ಕಿದೆ ಎಂದು ವೃತ್ತಿಯವರು ಇಂದಿಗೂ ನೊಂದುಕೊಳ್ಳುವುದಕ್ಕೆ ಕಾರಣವಿದೆ.

ಸಂಘದ ಲಾಭದ ಜೊತೆಗೆ ಅದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ದರಪಟ್ಟಿ ಯುವಕರನ್ನು ಕಾಪಾಡಿದಂತೆಯೇ ಗಿರಾಕಿಯ ಚೌಕಾಸಿಯ ಹಕ್ಕನ್ನೂ ಕಿತ್ತುಕೊಂಡಿತ್ತು. 1857ರಲ್ಲಿ ನ್ಯೂಯಾರ್ಕಿನಲ್ಲಿ ಹದಿಮೂರು ಜನ ಆರಂಭಿಸಿದ ಅಮೆರಿಕದ ಸಂಸ್ಥೆ, ಸದಸ್ಯರು ದರದ ಮೇಲೆ ಪೈಪೋಟಿ ನಡೆಸಬಾರದೆಂಬ ನಿಯಮವನ್ನು ಏಕಸ್ವಾಮ್ಯ ವಿರೋಧಿ ಕಾನೂನಿನಡಿ 1972ರಲ್ಲಿ ಬಿಟ್ಟುಕೊಡಬೇಕಾಯಿತು. ರೀಬಾದ ಕಡ್ಡಾಯ ದರಪಟ್ಟಿ 1982ರಲ್ಲಿ ಬರೀ ಶಿಫಾರಸಾಗಿ ಇಳಿಯಿತು. ಇನ್ನೊಂದು ನಷ್ಟ ನಮ್ಮದೇ. ಗುಡಿ, ಕೆರೆ, ತೊಟ್ಟಿಮನೆಗಳನ್ನು ತಲೆತಲಾಂತರದಿಂದ ಕಟ್ಟಿದ ಸ್ಥಪತಿಗಳಿಗೂ ಬಡಗಿ ಕಲ್ಲುಕುಟಿಗರಿಗೂ ಈ ವೃತ್ತಿಯ ವ್ಯವಸ್ಥೆಯಲ್ಲಿ ಸ್ಥಾನ ಸಿಗಲಿಲ್ಲ. ಬ್ಯಾಟ್ಲಿಯ ಶಿಷ್ಯರು ಅಳತೆ ಮಾಡಿದ್ದು ಅವರ ಪೂರ್ವಿಕರ ಕಟ್ಟಡಗಳನ್ನೇ. ಡ್ರಾಫ್ಟ್ಸ್‌ಮನ್‌ಗೆ ಪರೀಕ್ಷೆಯ ದಾರಿ ತೆರೆದ ಸಂಸ್ಥೆ ಸ್ಥಪತಿಗೂ ಅಂಥದೊಂದು ದಾರಿ ತೆರೆಯಬಹುದಾಗಿತ್ತು.

ಇಂದು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಲು ಪರಿಷತ್ತಿನ ನೋಂದಣಿ ಕಡ್ಡಾಯ, ಐಐಎ ಸದಸ್ಯತ್ವ ಐಚ್ಛಿಕ. ಪರಿಷತ್ತಿನಲ್ಲಿ ದಾಖಲಾದವರ ಸಂಖ್ಯೆ ಲಕ್ಷ ದಾಟಿದೆ. ಅವರಲ್ಲಿ ಅನೇಕರು ಸಂಘದ ಕಡೆ ತಲೆಹಾಕಿಲ್ಲ. ಪಟ್ಟಿ ಇಡುವುದು, ಶಾಲೆಗಳ ಮಟ್ಟ ನೋಡುವುದು, ತಪ್ಪಿದವರನ್ನು ವಿಚಾರಿಸುವುದು ಪರಿಷತ್ತಿನ ಕೆಲಸವಾದ ಮೇಲೆ ಸಂಘವೇಕೆ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಪರಿಷತ್ತು ಸರ್ಕಾರದ ಕಾಯ್ದೆಯಿಂದ ಹುಟ್ಟಿದ್ದು, ಸಾರ್ವಜನಿಕರ ಪರವಾಗಿ ವೃತ್ತಿಯನ್ನು ಹದ್ದಿನಲ್ಲಿಡುವುದು ಅದರ ಹೊಣೆ. ವೃತ್ತಿಯವರ ಪರವಾಗಿ ಸರ್ಕಾರದ ಎದುರು ಮಾತಾಡುವ ಹೊಣೆ ಸಂಘದ್ದೇ. ಕಾಯ್ದೆ ಮಾಡಿದವರಿಗೂ ಇದು ತಿಳಿದಿತ್ತು. ಪರಿಷತ್ತಿನ ರಚನೆಯನ್ನು ಹೇಳುವ 3ನೆಯ ಕಲಮಿನಲ್ಲಿ ಮೊದಲು ಬರುವುದು ಐಐಎ ತನ್ನ ಸದಸ್ಯರೊಳಗಿಂದ ಆರಿಸಿ ಕಳಿಸುವ ಐವರು ವಾಸ್ತುಶಿಲ್ಪಿಗಳು. ಶಿಕ್ಷಣ ಸಂಸ್ಥೆಗಳ ಮುಖ್ಯಸ್ಥರು, ರಾಜ್ಯಗಳ ಪ್ರತಿನಿಧಿಗಳು, ರೈಲ್ವೆ ಮತ್ತು ರಕ್ಷಣಾ ಇಲಾಖೆಯ ಮುಖ್ಯ ವಾಸ್ತುಶಿಲ್ಪಿಗಳು, ಎಂಜಿನಿಯರುಗಳ ಸಂಸ್ಥೆಯವರು ಎಲ್ಲರೂ ಆಮೇಲೆ ಬರುತ್ತಾರೆ. ನೋಂದಣಿ ಮಾತ್ರ ಮಾಡಿಸಿಕೊಂಡು ಸಂಘದ ಹೊರಗೇ ಉಳಿದ ವಾಸ್ತುಶಿಲ್ಪಿಗೆ ಆ ಐದು ಸ್ಥಾನಗಳ ಚುನಾವಣೆಯಲ್ಲಿ ಮತವಿಲ್ಲ.